ಆನಿಮೇಷನ್ ತಂತ್ರಾಂಶದ ಭೌತ ನಿಯಾಮಕಗಳು: ಒಂದು ಚಾರಿತ್ರಿಕ ವಿವೇಚನೆ

ಆನಿಮೇಷನ್ ತಂತ್ರಾಂಶಗಳಲ್ಲಿ ಕಲ್ಲು ಉರುಳುವುದನ್ನೂ ಬಟ್ಟೆ ಹಾರಾಡುವುದನ್ನೂ ನೀರು ಹರಿಯುವುದನ್ನೂ ಕೈಯಿಂದ ಚಿತ್ರಿಸದೆ ಲೆಕ್ಕದಿಂದಲೇ ತೋರಿಸುವ ಒಂದು ವಿಭಾಗವಿರುತ್ತದೆ. ಅದಕ್ಕೆ ಸಿಮ್ಯುಲೇಷನ್ ಎಂಬ ಹೆಸರು ರೂಢಿಯಲ್ಲಿದೆ. ಆ ವಿಭಾಗವನ್ನು ತೆರೆದ ವಿದ್ಯಾರ್ಥಿಯ ಕಣ್ಣಿಗೆ ಮೊದಲು ಬೀಳುವುದು ಅಂಕೆಗಳ ಒಂದು ದೀರ್ಘವಾದ ಪಟ್ಟಿ: ದ್ರವ್ಯರಾಶಿ, ಘರ್ಷಣೆ, ಪುಟಿತ, ಬಿಗುಹು, ಅವಮಂದನ, ಉಪಹೆಜ್ಜೆ, ಪುನರಾವೃತ್ತಿ, ಅಂಚು, ಅಳತೆಯ ಪ್ರಮಾಣ. ಎಲ್ಲವೂ ಒಂದೇ ಬಗೆಯ ಪೆಟ್ಟಿಗೆಗಳಲ್ಲಿ, ಒಂದೇ ಬಗೆಯ ಅಕ್ಷರಗಳಲ್ಲಿ, ಒಂದರ ಕೆಳಗೊಂದು ನಿಂತಿರುತ್ತವೆ. ಇವುಗಳನ್ನು ಪ್ರಕೃತ ಲೇಖನದಲ್ಲಿ ನಾವು ನಿಯಾಮಕಗಳೆಂದು ಕರೆಯುತ್ತೇವೆ.

ಹೊರನೋಟಕ್ಕೆ ಸಮಾನವಾಗಿ ಕಾಣುವ ಈ ನಿಯಾಮಕಗಳು ಒಂದೇ ಜಾತಿಗೆ ಸೇರಿದವಲ್ಲವೆಂಬುದೇ ನಾವು ಇಲ್ಲಿ ಪ್ರತಿಪಾದಿಸಬಯಸುವ ವಿಷಯ. ಕೆಲವು ವಸ್ತುವಿನ ಸ್ವಭಾವವನ್ನು ಹೇಳುತ್ತವೆ. ಕೆಲವು ಲೆಕ್ಕ ಮಾಡುವ ಕ್ರಮವನ್ನು ಹೇಳುತ್ತವೆ. ಮತ್ತೆ ಕೆಲವು, ಆ ಲೆಕ್ಕದಿಂದಲೇ ಹುಟ್ಟಿದ ದೋಷಕ್ಕೆ ಪರಿಹಾರವಾಗಿ ಬಂದು ಸೇರಿದವು. ಯಾವುದು ಯಾವ ಜಾತಿಯದೆಂಬುದನ್ನು ಪಟ್ಟಿ ತಾನಾಗಿ ತಿಳಿಸುವುದಿಲ್ಲ. ಅದರ ಚರಿತ್ರೆ ತಿಳಿಸುತ್ತದೆ. ಪ್ರತಿಯೊಂದು ನಿಯಾಮಕವೂ ಯಾವುದೋ ಒಂದು ಕಾಲದಲ್ಲಿ, ಯಾವುದೋ ಒಂದು ಕಷ್ಟಕ್ಕೆ ಉತ್ತರವಾಗಿ ಹುಟ್ಟಿದೆ. ಆ ಕಷ್ಟವನ್ನು ಅರಿತರೆ ನಿಯಾಮಕದ ಅರ್ಥ ತಾನಾಗಿ ಸ್ಪಷ್ಟವಾಗುತ್ತದೆ.

೧

ವಸ್ತುಸ್ವಭಾವದ ನಿಯಾಮಕಗಳು ಕಂಪ್ಯೂಟರಿಗಿಂತ ಬಹು ಹಿಂದಿನವು. ಎಳೆತದ ಪ್ರಮಾಣಕ್ಕೆ ತಕ್ಕಂತೆ ಪ್ರತಿಬಲವೂ ಇರುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ ೧೬೭೮ರಲ್ಲಿ ವಿವರಿಸಿದನು. ಬಟ್ಟೆಯ ಪಟ್ಟಿಯಲ್ಲಿರುವ ಬಿಗುಹು ಎಂಬ ಅಂಕೆ ಈ ನಿಯಮದ ಸಂತಾನವೇ. ೧೬೮೭ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಗುಂಡುಗಳ ಡಿಕ್ಕಿಯನ್ನು ಕುರಿತು ತಾನು ಮಾಡಿದ ಪ್ರಯೋಗಗಳನ್ನು ವರದಿ ಮಾಡಿದ್ದಾನೆ. ಬಿಗಿಯಾಗಿ ಸುತ್ತಿದ ಉಣ್ಣೆಯ ಗುಂಡುಗಳು ೯ ಪಾಲು ವೇಗದಿಂದ ಕೂಡಿದರೆ ೫ ಪಾಲು ವೇಗದಿಂದ ಅಗಲುತ್ತವೆ. ಗಾಜಿನ ಗುಂಡುಗಳಲ್ಲಿ ಈ ಪ್ರಮಾಣ ೧೬ಕ್ಕೆ ೧೫. ಇಂದಿನ ಪಟ್ಟಿಯಲ್ಲಿ ಸೊನ್ನೆಯಿಂದ ಒಂದರವರೆಗೆ ಇರುವ ಪುಟಿತದ ಅಂಕೆ ಇದೇ ಪ್ರಮಾಣ. ಘರ್ಷಣೆಯು ಒತ್ತುವ ಭಾರಕ್ಕೆ ಅನುಗುಣವಾಗಿರುತ್ತದೆಂಬ ತತ್ತ್ವವನ್ನು ೧೬೯೯ರಲ್ಲಿ ಅಮೊಂಟನ್ ಮುಂದಿಟ್ಟನು. ೧೭೮೫ರಲ್ಲಿ ಅಚ್ಚಾದ ಕುಲಾಂಬನ ಪ್ರಬಂಧವು ಅದನ್ನು ವಿಸ್ತಾರವಾದ ಪ್ರಯೋಗಗಳಿಂದ ದೃಢಪಡಿಸಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ನ್ಯೂಟನ್ ಮತ್ತು ಕುಲಾಂಬರ ಅಂಕೆಗಳು ಒಂದು ವಸ್ತುವಿಗೆ ಸೇರಿದವಲ್ಲ. ಪರಸ್ಪರ ತಾಗುವ ಎರಡು ವಸ್ತುಗಳ ಜೋಡಿಗೆ ಸೇರಿದವು. ಮರದ ಮೇಲೆ ಕಬ್ಬಿಣಕ್ಕೆ ಒಂದು ಘರ್ಷಣೆ, ಮಂಜುಗಡ್ಡೆಯ ಮೇಲೆ ಅದೇ ಕಬ್ಬಿಣಕ್ಕೆ ಇನ್ನೊಂದು. ತಂತ್ರಾಂಶದಲ್ಲಾದರೋ ಪ್ರತಿಯೊಂದು ವಸ್ತುವಿಗೂ ಪ್ರತ್ಯೇಕವಾಗಿ ಒಂದು ಅಂಕೆಯನ್ನು ಕೊಟ್ಟು, ತಾಗುವ ಸಮಯದಲ್ಲಿ ಎರಡನ್ನೂ ಯಾವುದೋ ಒಂದು ಸೂತ್ರದಿಂದ ಕೂಡಿಸಲಾಗುತ್ತದೆ. ಎರ್ವಿನ್ ಕೂಮನ್ಸ್ ರಚಿಸಿದ, ಬ್ಲೆಂಡರ್ ತಂತ್ರಾಂಶವೂ ಬಳಸುವ ‘ಬುಲೆಟ್’ ಎಂಬ ಲೆಕ್ಕಾಚಾರ ಯಂತ್ರದ ಸಹಜ ಸೂತ್ರವು ಗುಣಾಕಾರ. ಎರಡು ವಸ್ತುಗಳಿಗೂ ಘರ್ಷಣೆ ೦.೫ ಎಂದಿದ್ದರೆ ನಿಜವಾಗಿ ನಡೆಯುವುದು ೦.೨೫. ಚೆಂಡಿಗೆ ಪುಟಿತ ೧ ಎಂದು ಕೊಟ್ಟು, ನೆಲದ ಪುಟಿತವನ್ನು ಸೊನ್ನೆಯಲ್ಲಿಯೇ ಬಿಟ್ಟರೆ ಗುಣಲಬ್ಧವು ಸೊನ್ನೆಯಾಗಿ ಚೆಂಡು ಪುಟಿಯುವುದೇ ಇಲ್ಲ. ಇದು ತಂತ್ರಾಂಶದ ದೋಷವೆಂದು ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ಗುಣಾಕಾರವು ಪ್ರಕೃತಿಯ ನಿಯಮವಲ್ಲ, ರಚನಕಾರನು ಮಾಡಿಕೊಂಡ ಒಂದು ಅನುಕೂಲವೆಂಬುದನ್ನು ತಿಳಿದರೆ ಈ ಗೊಂದಲವಿರುವುದಿಲ್ಲ.

೨

ಎರಡನೆಯ ಜಾತಿಯ ನಿಯಾಮಕಗಳಿಗೆ ಮೂಲಪುರುಷನು ಲಿಯೊನಾರ್ಡ್ ಆಯ್ಲರ್. ಚಲನೆಯ ಸಮೀಕರಣಗಳನ್ನು ನೇರವಾಗಿ ಬಿಡಿಸಲಾಗದಿದ್ದಾಗ ಕಾಲವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ, ಒಂದೊಂದು ಹೆಜ್ಜೆಯಲ್ಲಿಯೂ ವೇಗವು ಬದಲಾಗುವುದಿಲ್ಲವೆಂದು ಭಾವಿಸಿ ಮುಂದುವರಿಯುವ ಕ್ರಮವನ್ನು ಆತನು ೧೭೬೮ರ ತನ್ನ ಕಲನಶಾಸ್ತ್ರ ಗ್ರಂಥದಲ್ಲಿ ವಿವರಿಸಿದನು. ಇಂದಿನ ತಂತ್ರಾಂಶಗಳ ಉಪಹೆಜ್ಜೆ ಎಂಬ ಪೆಟ್ಟಿಗೆಯ ಮೂಲ ಇಲ್ಲಿದೆ. ಚಲನಚಿತ್ರದಲ್ಲಿ ಸೆಕೆಂಡಿಗೆ ೨೪ ಚೌಕಟ್ಟುಗಳು. ಚೌಕಟ್ಟಿಗೆ ಒಂದೇ ಹೆಜ್ಜೆಯಿಟ್ಟು ಲೆಕ್ಕ ಮಾಡಿದರೆ ಏನಾಗುವುದೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ವಿಶ್ರಾಂತಿಯಿಂದ ಬೀಳತೊಡಗಿದ ಕಲ್ಲು ಒಂದು ಸೆಕೆಂಡಿನಲ್ಲಿ ಸುಮಾರು ೪.೯೦ ಮೀಟರು ಬೀಳುತ್ತದೆ. ೨೪ ಹೆಜ್ಜೆಗಳಲ್ಲಿ ಲೆಕ್ಕ ಹಾಕುವಾಗ ಪ್ರತಿ ಹೆಜ್ಜೆಯ ಆರಂಭದ ವೇಗವನ್ನು ತೆಗೆದುಕೊಂಡರೆ ೪.೭೦ ಮೀಟರು ಬರುತ್ತದೆ. ಕೊನೆಯ ವೇಗವನ್ನು ತೆಗೆದುಕೊಂಡರೆ ೫.೧೧ ಮೀಟರು. ಹೆಜ್ಜೆಗಳನ್ನು ೨೪೦ಕ್ಕೆ ಏರಿಸಿದರೆ ತಪ್ಪು ೨೦ ಸೆಂಟಿಮೀಟರಿನಿಂದ ೨ ಸೆಂಟಿಮೀಟರಿಗೆ ಇಳಿಯುತ್ತದೆ. ಗುರುತ್ವದ ಅಂಕೆಯಾದ ೯.೮೧ ಎಲ್ಲ ಲೆಕ್ಕಗಳಲ್ಲಿಯೂ ಒಂದೇ. ಬದಲಾದದ್ದು ಲೆಕ್ಕದ ಕ್ರಮ ಮಾತ್ರ.

ಬೀಳುವ ಕಲ್ಲಿನಲ್ಲಿ ಈ ತಪ್ಪು ಅಲ್ಪವಾದದ್ದು. ಆದರೆ ತೂಗಾಡುವ ವಸ್ತುವಿನಲ್ಲಿ ಅದು ಬೆಳೆಯುತ್ತ ಹೋಗುತ್ತದೆ. ೨.೬ ಸೆಕೆಂಡಿಗೊಮ್ಮೆ ಆಂದೋಲನ ಮಾಡುವ, ಅವಮಂದನವೇ ಇಲ್ಲದ ಒಂದು ಸ್ಪ್ರಿಂಗನ್ನು ಆಯ್ಲರನ ಮೂಲಕ್ರಮದಲ್ಲಿ ಸೆಕೆಂಡಿಗೆ ೨೪ ಹೆಜ್ಜೆಯಂತೆ ಲೆಕ್ಕ ಮಾಡಿದರೆ, ಹತ್ತು ಸೆಕೆಂಡುಗಳು ಮುಗಿಯುವಷ್ಟರಲ್ಲಿ ಅದರ ತೂಗಾಟದ ವಿಸ್ತಾರವು ಮೂರು ಪಟ್ಟಿಗೂ ಮಿಗಿಲಾಗಿ ಬೆಳೆದಿರುತ್ತದೆ. ಯಾರೂ ಕೊಡದ ಶಕ್ತಿ ಎಲ್ಲಿಂದಲೋ ಬಂದು ಸೇರಿದಂತಾಯಿತು. ಬಟ್ಟೆಯೊಂದು ಇದ್ದಕ್ಕಿದ್ದಂತೆ ಸಿಡಿದು ಆಕಾಶಕ್ಕೆ ಹಾರಿಹೋಗುವ ವಿಚಿತ್ರವನ್ನು ಈ ತಂತ್ರಾಂಶಗಳನ್ನು ಬಳಸಿದವರೆಲ್ಲರೂ ಕಂಡಿರುತ್ತಾರೆ. ಅದರ ಸಾಮಾನ್ಯ ಕಾರಣವು ಇದೇ.

ಹೆಜ್ಜೆಯ ಗಾತ್ರಕ್ಕೆ ಒಂದು ಮೇರೆಯುಂಟೆಂಬುದನ್ನು ಕೋರಾಂಟ್, ಫ್ರೀಡ್ರಿಕ್ಸ್ ಮತ್ತು ಲೆವಿ ೧೯೨೮ರ ತಮ್ಮ ಪ್ರಬಂಧದಲ್ಲಿ, ತರಂಗಗಳಂಥ ಸಮೀಕರಣಗಳ ಪ್ರಸಂಗದಲ್ಲಿ, ತೋರಿಸಿಕೊಟ್ಟರು. ಎಲೆಕ್ಟ್ರಾನಿಕ್ ಕಂಪ್ಯೂಟರು ಆಗ ಇನ್ನೂ ಹುಟ್ಟಿರಲಿಲ್ಲವೆಂಬುದು ಗಮನಾರ್ಹ. ಸ್ಪ್ರಿಂಗಿನಲ್ಲಿಯೂ ಇಂಥದೇ ಮೇರೆಯಿದೆ. ಹೊಸ ವೇಗದಿಂದ ಸ್ಥಾನವನ್ನು ಕಾಣುವ ಸುಧಾರಿತ ಆಯ್ಲರ್ ಕ್ರಮವನ್ನೇ ತೆಗೆದುಕೊಳ್ಳೋಣ. ಮೀಟರಿಗೆ ೧೦೦೦ ನ್ಯೂಟನ್ ಬಿಗುಹುಳ್ಳ ಸ್ಪ್ರಿಂಗಿಗೆ ಒಂದು ಗ್ರಾಂ ತೂಕವನ್ನು ಕಟ್ಟಿದರೆ ಹೆಜ್ಜೆಯು ಸೆಕೆಂಡಿನ ೫೦೦ನೆಯ ಒಂದು ಭಾಗಕ್ಕಿಂತ ಕಿರಿದಾಗಿರಬೇಕು. ಎಂದರೆ ಒಂದು ಚೌಕಟ್ಟಿಗೆ ೨೧ ಉಪಹೆಜ್ಜೆಗಳಾದರೂ ಬೇಕು. ಬಿಗುಹನ್ನು ನಾಲ್ಕು ಪಟ್ಟು ಮಾಡಿದರೆ ಅಥವಾ ತೂಕವನ್ನು ನಾಲ್ಕನೆಯ ಒಂದು ಪಾಲಿಗೆ ಇಳಿಸಿದರೆ ೪೨ ಬೇಕು. ವಸ್ತುಸ್ವಭಾವದ ಪೆಟ್ಟಿಗೆಯನ್ನು ಮುಟ್ಟಿದವನು ತಿಳಿಯದೆಯೇ ಲೆಕ್ಕದ ಪೆಟ್ಟಿಗೆಯನ್ನೂ ಮುಟ್ಟಿದಂತಾಗುತ್ತದೆ. ಬ್ಲೆಂಡರಿನಲ್ಲಿ ಹತ್ತಿ, ಡೆನಿಮ್, ಚರ್ಮ, ರಬ್ಬರು, ರೇಷ್ಮೆ ಎಂಬ ಸಿದ್ಧ ಬಟ್ಟೆಗಳಲ್ಲಿ ಒಂದನ್ನು ಆರಿಸಿದಾಗ ಬಿಗುಹಿನೊಂದಿಗೆ ಹೆಜ್ಜೆಗಳ ಸಂಖ್ಯೆಯೂ ಬದಲಾಗುವುದು ಈ ಸಂಬಂಧದಿಂದಲೇ.

ಡಿಕ್ಕಿಯ ಸಂದರ್ಭದಲ್ಲಿ ಹೆಜ್ಜೆಯ ಗಾತ್ರವು ಇನ್ನೊಂದು ರೀತಿಯಲ್ಲಿ ತೊಡಕಾಗುತ್ತದೆ. ಐದು ಮೀಟರು ಎತ್ತರದಿಂದ ಬಿದ್ದ ಚೆಂಡು ನೆಲದ ಬಳಿ ಒಂದು ಚೌಕಟ್ಟಿನಲ್ಲಿ ಸುಮಾರು ೪೧ ಸೆಂಟಿಮೀಟರು ಸಾಗುತ್ತದೆ. ಚೆಂಡಿನ ವ್ಯಾಸ ೧೦ ಸೆಂಟಿಮೀಟರು, ಹಲಗೆಯ ದಪ್ಪ ೨ ಸೆಂಟಿಮೀಟರು ಎಂದಿಟ್ಟುಕೊಂಡರೆ, ಒಂದು ಲೆಕ್ಕದಲ್ಲಿ ಹಲಗೆಯ ಮೇಲಿದ್ದ ಚೆಂಡು ಮುಂದಿನ ಲೆಕ್ಕದಲ್ಲಿ ಅದರ ಕೆಳಗಿರಬಹುದು. ತಾಗಿದ ಕ್ಷಣವು ಲೆಕ್ಕಕ್ಕೆ ಬರುವುದೇ ಇಲ್ಲ. ಚೌಕಟ್ಟಿಗೆ ನಾಲ್ಕು ಉಪಹೆಜ್ಜೆಗಳಿದ್ದರೆ ಚೆಂಡು ಒಮ್ಮೆಯಾದರೂ ಹಲಗೆಯಲ್ಲಿ ಸಿಕ್ಕಿಬೀಳುತ್ತದೆ. ವಸ್ತುವಿನ ಸುತ್ತ ಕಾಣದ ಒಂದು ಅಂಚನ್ನು ಕೊಡುವ ನಿಯಾಮಕವು ಇದೇ ತೊಂದರೆಗೆ ಇನ್ನೊಂದು ಪರಿಹಾರ. ಪ್ರಕೃತಿಯಲ್ಲಿ ಅಂಥ ಅಂಚು ಎಲ್ಲಿಯೂ ಇಲ್ಲ.

೩

ಈ ಹಳೆಯ ಜ್ಞಾನವು ಚಿತ್ರಕಲೆಯ ಕೈಗೆ ಬಂದದ್ದು ೧೯೮೦ರ ದಶಕದಲ್ಲಿ. ೧೯೮೨ರ ‘ಸ್ಟಾರ್ ಟ್ರೆಕ್’ ಸರಣಿಯ ಎರಡನೆಯ ಚಿತ್ರದಲ್ಲಿ ಒಂದು ಗ್ರಹವನ್ನು ಬೆಂಕಿ ಆವರಿಸುವ ದೃಶ್ಯಕ್ಕಾಗಿ ಲೂಕಾಸ್‌ಫಿಲ್ಮ್ ಸಂಸ್ಥೆಯ ವಿಲಿಯಂ ರೀವ್ಸ್ ಕಣಸಮೂಹಗಳ ವಿಧಾನವನ್ನು ರೂಪಿಸಿ, ಮರುವರ್ಷ ಅದನ್ನು ಪ್ರಬಂಧರೂಪದಲ್ಲಿ ಪ್ರಕಟಿಸಿದನು. ಪ್ರತಿ ಕಣಕ್ಕೂ ಆರಂಭವೇಗ, ಆಯುಸ್ಸು, ಬಣ್ಣ ಮತ್ತು ಇವೆಲ್ಲಕ್ಕೂ ಯಾದೃಚ್ಛಿಕವಾದ ಏರಿಳಿತ: ಇಂದಿಗೂ ಕಣಗಳ ಪಟ್ಟಿಯಲ್ಲಿರುವುದು ಮುಖ್ಯವಾಗಿ ಇವೇ. ೧೯೮೭ರಲ್ಲಿ ಟೆರ್ಜೊಪೌಲೋಸ್, ಪ್ಲಾಟ್, ಬಾರ್ ಮತ್ತು ಫ್ಲೈಶರ್ ಅವರು ಸ್ಥಿತಿಸ್ಥಾಪಕ ವಸ್ತುಗಳ ಸಿದ್ಧಾಂತವನ್ನು ಕಂಪ್ಯೂಟರ್ ಚಿತ್ರಗಳಿಗೆ ಅನ್ವಯಿಸಿದರು. ೧೯೮೯ರಲ್ಲಿ ಡೇವಿಡ್ ಬರಾಫ್ ಗಟ್ಟಿಯಾದ ವಸ್ತುಗಳು ಒಂದರೊಳಗೊಂದು ತೂರದಂತೆ ನಿಲ್ಲಿಸುವ ಬಲಗಳ ಲೆಕ್ಕವನ್ನು ನಿರೂಪಿಸಿದನು.

ಬಟ್ಟೆಯ ಸಮಸ್ಯೆ ಮಾತ್ರ ಬಗೆಹರಿದಿರಲಿಲ್ಲ. ಬಟ್ಟೆಯು ಮಡಿಚಲು ಬಹಳ ಮೃದು, ಹಿಗ್ಗಿಸಲು ಬಹಳ ಬಿಗಿ. ಆ ಬಿಗುಹಿಗೆ ತಕ್ಕಂತೆ ಹೆಜ್ಜೆಯನ್ನು ಕಿರಿದುಮಾಡಿದರೆ ಲೆಕ್ಕ ಮುಗಿಯುವುದಿಲ್ಲ. ಹಿರಿದುಮಾಡಿದರೆ ಬಟ್ಟೆ ಸಿಡಿಯುತ್ತದೆ. ೧೯೯೮ರಲ್ಲಿ ಬರಾಫ್ ಮತ್ತು ಆಂಡ್ರ್ಯೂ ವಿಟ್ಕಿನ್ ಈ ಬಿಕ್ಕಟ್ಟಿನಿಂದ ಹೊರಬರುವ ದಾರಿಯನ್ನು ತೋರಿಸಿದರು. ಹೆಜ್ಜೆಯ ಆರಂಭದಲ್ಲಿರುವ ಬಲಗಳಿಂದಲ್ಲದೆ, ಹೆಜ್ಜೆಯ ಕೊನೆಯಲ್ಲಿ ಇರಬೇಕಾದ ಬಲಗಳಿಂದ ಚಲನೆಯನ್ನು ನಿರ್ಧರಿಸುವುದು ಅವರ ಕ್ರಮ. ಪ್ರತಿ ಹೆಜ್ಜೆಗೂ ಒಂದು ದೊಡ್ಡ ಸಮೀಕರಣವ್ಯೂಹವನ್ನು ಬಿಡಿಸಬೇಕಾದರೂ, ಹೆಜ್ಜೆ ಹಿರಿದಾಗಿದ್ದರೂ ಬಟ್ಟೆ ಸಿಡಿಯುವುದಿಲ್ಲ. ೨೦೦೧ರ ‘ಮಾನ್‌ಸ್ಟರ್ಸ್, ಇಂಕ್.’ ಚಿತ್ರದಲ್ಲಿ ಪುಟ್ಟ ಹುಡುಗಿಯ ಅಂಗಿಯನ್ನೂ, ೨೦ ಲಕ್ಷಕ್ಕೂ ಮಿಕ್ಕ ಕೂದಲುಗಳುಳ್ಳ ರೋಮಶ ಪಾತ್ರವನ್ನೂ ಪಿಕ್ಸಾರ್ ಸಂಸ್ಥೆಯವರು ಸಿಮ್ಯುಲೇಷನ್ನಿನಿಂದ ಚಲಿಸುವಂತೆ ಮಾಡಿದರು. ಬಟ್ಟೆಯ ಕೆಲಸಕ್ಕಾಗಿ ಬರಾಫ್, ವಿಟ್ಕಿನ್ ಮತ್ತು ಮೈಕೇಲ್ ಕಾಸ್ ಅವರಿಗೆ ೨೦೦೬ರಲ್ಲಿ ಅಮೆರಿಕದ ಚಲನಚಿತ್ರ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ದೊರೆಯಿತು.

ಆದರೆ ಈ ಸ್ಥಿರತೆಗೂ ಒಂದು ಬೆಲೆಯುಂಟು. ಆಯ್ಲರನ ಮೂಲಕ್ರಮವು ಇಲ್ಲದ ಶಕ್ತಿಯನ್ನು ಸೃಷ್ಟಿಸಿದರೆ, ಈ ಹೊಸ ಕ್ರಮವು ಇರುವ ಶಕ್ತಿಯನ್ನು ನುಂಗಿಹಾಕುತ್ತದೆ. ಅವಮಂದನದ ಪೆಟ್ಟಿಗೆಯಲ್ಲಿ ಸೊನ್ನೆಯಿದ್ದರೂ ಬಟ್ಟೆಯ ಅಲುಗಾಟ ಬೇಗನೆ ಅಡಗುತ್ತದೆ. ಹೆಜ್ಜೆಗಳನ್ನು ಹೆಚ್ಚಿಸಿದರೆ ಅದೇ ಬಟ್ಟೆ ಹೆಚ್ಚು ಚುರುಕಾಗುತ್ತದೆ. ಆದುದರಿಂದ ಕಡಮೆ ಹೆಜ್ಜೆಗಳಲ್ಲಿ ಬಟ್ಟೆಯನ್ನು ಒಪ್ಪವಾಗಿ ಹೊಂದಿಸಿಕೊಂಡು, ಕೊನೆಯಲ್ಲಿ ‘ಗುಣಮಟ್ಟ’ವನ್ನು ಏರಿಸಿದವನಿಗೆ ತಾನು ಮೆಚ್ಚಿದ ಚಲನೆ ಮತ್ತೆ ದೊರೆಯುವುದಿಲ್ಲ. ಗುಣಮಟ್ಟವೆಂಬ ಹೆಸರೇ ಇಲ್ಲಿ ಮರುಳುಗೊಳಿಸುವಂಥದು. ಚಿತ್ರದ ನಯವೊಂದೇ ಅಲ್ಲ, ಚಲನೆಯ ಸ್ವಭಾವವೇ ಅದರಿಂದ ಬದಲಾಗುತ್ತದೆ.

೪

ದ್ರವಗಳ ಚರಿತ್ರೆಯಲ್ಲಿಯೂ ಇದೇ ಕಥೆ ಇನ್ನಷ್ಟು ವಿಶದವಾಗಿ ಕಾಣುತ್ತದೆ. ೧೮೨೨ರಲ್ಲಿ ನೇವಿಯರ್, ೧೮೪೫ರಲ್ಲಿ ಸ್ಟೋಕ್ಸ್ ಬರೆದ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ವಿಧಾನಗಳನ್ನು ೧೯೫೦ ಮತ್ತು ೬೦ರ ದಶಕಗಳಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಫ್ರಾನ್ಸಿಸ್ ಹಾರ್ಲೋ ಮತ್ತು ಅವನ ಸಂಗಡಿಗರು ರೂಪಿಸಿದರು. ಅವರ ಉದ್ದೇಶ ವೈಜ್ಞಾನಿಕ ಗಣನೆಯಾಗಿತ್ತೇ ಹೊರತು ಚಿತ್ರವಾಗಿರಲಿಲ್ಲ. ೧೯೯೯ರಲ್ಲಿ ಜೋಸ್ ಸ್ಟಾಮ್ ಎಷ್ಟು ದೊಡ್ಡ ಹೆಜ್ಜೆಯಿಟ್ಟರೂ ಸಿಡಿಯದ ದ್ರವಚಲನೆಯ ಕ್ರಮವೊಂದನ್ನು ಪ್ರಕಟಿಸಿದನು. ಕಲಾವಿದನು ಹೊಗೆಯನ್ನು ಕಣ್ಣೆದುರಿಗೇ ತಿರುವಿ ನೋಡುವಂತಾದದ್ದು ಇದರಿಂದ. ಇಲ್ಲಿಯೂ ಬೆಲೆ ಅದೇ: ಸಣ್ಣ ಸುಳಿಗಳು ಲೆಕ್ಕದಲ್ಲಿಯೇ ಕರಗಿಹೋಗಿ ಹೊಗೆಯು ಅತಿಯಾಗಿ ನಯವಾಗುತ್ತಿತ್ತು. ೨೦೦೧ರಲ್ಲಿ ಫೆಡ್‌ಕಿವ್, ಸ್ಟಾಮ್ ಮತ್ತು ಯೆನ್ಸೆನ್ ಕಳೆದುಹೋದ ಸುಳಿಗಳನ್ನು ಒಂದು ಕೃತಕ ಬಲದಿಂದ ಮತ್ತೆ ತುಂಬಿದರು. ಹೊಗೆಯ ಪಟ್ಟಿಯಲ್ಲಿ ಸುಳಿತನದ ಅಂಕೆಯಾಗಿ ಇಂದು ಕಾಣುವುದು ಇದರ ವಂಶದ್ದು. ಅದು ಹೊಗೆಯ ಗುಣವಲ್ಲ. ಲೆಕ್ಕವು ಕಸಿದುಕೊಂಡದ್ದಕ್ಕೆ ಲೆಕ್ಕವೇ ಕೊಡುವ ಪರಿಹಾರ. ಮೂರನೆಯ ಜಾತಿಯೆಂದು ನಾವು ಹೇಳಿದ್ದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ದೊರೆಯದು.

ಆಟಗಳ ಜಗತ್ತಿನಿಂದ ಬಂದ ಇನ್ನೊಂದು ಧಾರೆಯನ್ನೂ ಇಲ್ಲಿ ಹೇಳಬೇಕು. ಆಟದಲ್ಲಿ ಲೆಕ್ಕವು ತತ್‌ಕ್ಷಣ ಮುಗಿಯಬೇಕು. ೧೯೬೭ರಲ್ಲಿ ಲೂ ವರ್ಲೆ ಅಣುಗಳ ಚಲನೆಗಾಗಿ ಬಳಸಿದ ಕ್ರಮವನ್ನು ೨೦೦೧ರಲ್ಲಿ ಥಾಮಸ್ ಯಾಕೊಬ್ಸನ್ ಆಟದ ಪಾತ್ರಗಳಿಗೆ ಅಳವಡಿಸಿದ್ದನ್ನು ವಿವರಿಸಿದನು. ೨೦೦೬ರಲ್ಲಿ ಮಥಿಯಾಸ್ ಮುಲ್ಲರ್ ಮತ್ತು ಅವನ ಸಂಗಡಿಗರು ಬಲಗಳ ಗೊಡವೆಯನ್ನೇ ಬಿಟ್ಟು, ಬಿಂದುಗಳ ಸ್ಥಾನಗಳನ್ನು ನೇರವಾಗಿ ತಿದ್ದುವ ವಿಧಾನವನ್ನು ನಿರೂಪಿಸಿದರು. ಇದರಲ್ಲಿ ಬಿಗುಹು ಸೊನ್ನೆಯಿಂದ ಒಂದರವರೆಗಿನ ಅಂಕೆ. ಪ್ರತಿ ಪುನರಾವೃತ್ತಿಯಲ್ಲಿಯೂ ತಪ್ಪಿನ ಅಷ್ಟು ಪಾಲನ್ನು ತಿದ್ದಲಾಗುತ್ತದೆ. ಒಂದೇ ಒಂದು ಬಂಧವನ್ನು ತೆಗೆದುಕೊಂಡು ಬಿಗುಹು ೦.೫ ಎಂದಿಟ್ಟರೆ, ೫ ಪುನರಾವೃತ್ತಿಗಳಾದ ಮೇಲೆ ೩೨ರಲ್ಲಿ ಒಂದು ಪಾಲು ತಪ್ಪು ಉಳಿಯುತ್ತದೆ. ೧೦ ಆದ ಮೇಲೆ ೧೦೨೪ರಲ್ಲಿ ಒಂದು ಪಾಲು. ಬಿಗುಹಿನ ಅಂಕೆಯನ್ನು ಯಾರೂ ಮುಟ್ಟಿಲ್ಲ, ಆದರೂ ಬಟ್ಟೆ ಬಿಗಿಯಾಯಿತು. ವಸ್ತುಸ್ವಭಾವದ ಹೆಸರು ಹೊತ್ತ ಪೆಟ್ಟಿಗೆಯು ನಿಜವಾಗಿ ಲೆಕ್ಕದ ಪೆಟ್ಟಿಗೆಯ ಅಧೀನದಲ್ಲಿತ್ತು. ಹತ್ತು ವರ್ಷಗಳ ಅನಂತರ, ೨೦೧೬ರಲ್ಲಿ, ಮ್ಯಾಕ್ಲಿನ್, ಮುಲ್ಲರ್ ಮತ್ತು ಚೆಂಟನೆಜ್ ಈ ದೋಷವನ್ನು ತಿದ್ದಿ, ಬಿಗುಹನ್ನು ಪುನರಾವೃತ್ತಿಯ ಹಾಗೂ ಹೆಜ್ಜೆಯ ಹಂಗಿನಿಂದ ಬಿಡಿಸಿದರು.

೫

ಕೊನೆಯದಾಗಿ ಅಳತೆಯ ಪ್ರಮಾಣ. ದೊಡ್ಡದು ಚಿಕ್ಕದರ ಹಿಗ್ಗಿಸಿದ ಪ್ರತಿಯಲ್ಲವೆಂಬುದನ್ನು ಗೆಲಿಲಿಯೊ ೧೬೩೮ರಲ್ಲಿಯೇ ವಿವರಿಸಿದ್ದನು. ತಂತ್ರಾಂಶಕ್ಕೆ ಮಾತ್ರ ೧೮೦ ಎಂಬುದು ಸೆಂಟಿಮೀಟರೋ ಮೀಟರೋ ತಿಳಿಯದು. ಮಾಯಾ ತಂತ್ರಾಂಶದ ಸಹಜ ಅಳತೆ ಸೆಂಟಿಮೀಟರು. ೨೦೦೭ರಿಂದ ಅದರಲ್ಲಿ ಸೇರಿರುವ ‘ನ್ಯೂಕ್ಲಿಯಸ್’ ಎಂಬ ಲೆಕ್ಕಾಚಾರ ಯಂತ್ರವು ತನ್ನ ಸಹಜಸ್ಥಿತಿಯಲ್ಲಿ ಅದೇ ಅಂಕೆಯನ್ನು ಮೀಟರೆಂದು ಓದುತ್ತದೆ. ೧೮೦ ಸೆಂಟಿಮೀಟರು ಎತ್ತರದ ಮನುಷ್ಯನ ತಲೆಯಿಂದ ಜಾರಿದ ಶಾಲು ೦.೬ ಸೆಕೆಂಡಿನಲ್ಲಿ ನೆಲ ಮುಟ್ಟಬೇಕಾದದ್ದು, ಗಾಳಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ೬ ಸೆಕೆಂಡು ತೆಗೆದುಕೊಳ್ಳುತ್ತದೆ. ಪ್ರಮಾಣದ ಪೆಟ್ಟಿಗೆಯಲ್ಲಿ ೧ರ ಬದಲು ೦.೦೧ ಎಂದು ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ. ಇದನ್ನರಿಯದವನು ಗುರುತ್ವವನ್ನೂ ದ್ರವ್ಯರಾಶಿಯನ್ನೂ ಅವಮಂದನವನ್ನೂ ಒಂದಾದಮೇಲೊಂದರಂತೆ ಕೆಡಿಸುತ್ತ ಹೋಗುತ್ತಾನೆ.

೬

ಚಿತ್ರಕಾರನಿಗೆ ಕಣ್ಣೇ ಪ್ರಮಾಣವಲ್ಲವೆ, ನೋಟಕ್ಕೆ ಒಪ್ಪಿದರೆ ಸಾಲದೆ, ಈ ಚರಿತ್ರೆಯೆಲ್ಲ ಅವನಿಗೇಕೆ ಎಂದು ಕೇಳಬಹುದು. ಕಣ್ಣು ಕೊನೆಯ ಪ್ರಮಾಣವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಕಣ್ಣು ತಪ್ಪನ್ನು ಕಾಣಬಲ್ಲುದೇ ಹೊರತು ಅದರ ಕಾರಣವನ್ನು ಕಾಣಲಾರದು. ಕಾರಣವನ್ನು ಹುಡುಕಲು ಒಂದು ಕ್ರಮ ಬೇಕು; ಮೇಲಿನ ಚರಿತ್ರೆಯಿಂದ ಆ ಕ್ರಮವು ತಾನಾಗಿ ಒದಗುತ್ತದೆ. ಮೊದಲು ಅಳತೆಯ ಪ್ರಮಾಣವನ್ನು ಸರಿಪಡಿಸಬೇಕು. ಆಮೇಲೆ ಹೆಜ್ಜೆ ಮತ್ತು ಪುನರಾವೃತ್ತಿಗಳನ್ನು, ಅವನ್ನು ಇಮ್ಮಡಿಸಿದರೂ ಚಲನೆ ಎದ್ದು ಕಾಣುವಷ್ಟು ಬದಲಾಗದ ಮಟ್ಟಕ್ಕೆ ತಂದು ಅಲ್ಲಿಯೇ ನಿಲ್ಲಿಸಬೇಕು. ಅನಂತರವೇ ವಸ್ತುಸ್ವಭಾವದ ಅಂಕೆಗಳನ್ನು, ಒಂದು ಸಲಕ್ಕೆ ಒಂದರಂತೆ, ಬದಲಾಯಿಸಬೇಕು. ಪರಿಹಾರರೂಪದ ನಿಯಾಮಕಗಳಿಗೆ ಕೈಹಾಕುವುದು ಎಲ್ಲಕ್ಕಿಂತ ಕೊನೆಗೆ.

ಇದಕ್ಕಿಂತ ಗುರುತರವಾದ ಇನ್ನೊಂದು ಕಾರಣವೂ ಇದೆ. ಒಂದು ಕಾಲದಲ್ಲಿ ಈ ಸಾಧನಗಳು ಕೆಲವೇ ಚಿತ್ರಸಂಸ್ಥೆಗಳ ಸೊತ್ತಾಗಿದ್ದವು. ಬ್ಲೆಂಡರ್ ತಂತ್ರಾಂಶವನ್ನು ಅದರ ಬಳಕೆದಾರರು ಒಂದು ಲಕ್ಷ ಯೂರೋಗಳ ನಿಧಿಯನ್ನು ಕೂಡಿಸಿ ೨೦೦೨ರಲ್ಲಿ ಮುಕ್ತಗೊಳಿಸಿದರು. ಬುಲೆಟ್ ಯಂತ್ರವನ್ನಾಧರಿಸಿದ ಗಟ್ಟಿವಸ್ತುಗಳ ಸಿಮ್ಯುಲೇಷನ್ ಅದರ ಆನಿಮೇಷನ್ ಭಾಗಕ್ಕೆ ೨೦೧೩ರಲ್ಲಿ ಬಂದು ಸೇರಿತು. ಒಂದು ಸಾಧಾರಣವಾದ ಕಂಪ್ಯೂಟರಿದ್ದರೆ ನಮ್ಮ ಕಾಲೇಜಿನ ಯಾವ ವಿದ್ಯಾರ್ಥಿಯಾದರೂ ಇಂದು ಹಣ ತೆರದೆ ಇದನ್ನು ಬಳಸಬಹುದು. ತರಗತಿಯಲ್ಲಿ ಡಿಕ್ಕಿಯನ್ನೂ ಆಂದೋಲನವನ್ನೂ ತೋರಿಸಲು ಅಧ್ಯಾಪಕರಿಗೂ ಇದು ಸುಲಭಸಾಧನ. ಸೌಲಭ್ಯದೊಂದಿಗೆ ಅಪಾಯವೂ ಬಂದಿದೆ. ಪರದೆಯ ಮೇಲೆ ಕಂಡದ್ದನ್ನು ‘ಭೌತಶಾಸ್ತ್ರವು ಹೀಗೆ ಹೇಳುತ್ತದೆ’ ಎಂದು ಭಾವಿಸುವುದು ಬಹು ಸುಲಭ. ಅವಮಂದನ ಸೊನ್ನೆಯಿದ್ದರೂ ತೂಗಾಟ ನಿಂತದ್ದನ್ನು ಕಂಡ ವಿದ್ಯಾರ್ಥಿಯು ಶಕ್ತಿಯ ನಿತ್ಯತ್ವವನ್ನೇ ಶಂಕಿಸಬಹುದು. ಅಥವಾ, ಇನ್ನೂ ಕೆಟ್ಟದ್ದೆಂದರೆ, ಏನನ್ನೂ ಶಂಕಿಸದೆ ಮುಂದೆ ಸಾಗಬಹುದು.

ಸಿಮ್ಯುಲೇಷನ್ನಿನಲ್ಲಿ ಪ್ರಕೃತಿಯ ನಿಯಮವೂ ಇದೆ, ಆ ನಿಯಮವನ್ನು ಲೆಕ್ಕಕ್ಕೆ ಇಳಿಸಿದವರ ರಾಜಿಗಳೂ ಇವೆ. ಹುಕ್, ನ್ಯೂಟನ್, ಕುಲಾಂಬರು ಪ್ರಯೋಗದಿಂದ ಕಂಡುಕೊಂಡ ಅಂಕೆಗಳ ಪಕ್ಕದಲ್ಲಿಯೇ ಇತ್ತೀಚಿನವರು ಅವಸರಕ್ಕೂ ಅನುಕೂಲಕ್ಕೂ ಇಟ್ಟ ಅಂಕೆಗಳು ಕುಳಿತಿವೆ. ಎರಡನ್ನೂ ಬೇರ್ಪಡಿಸಿ ಓದುವುದನ್ನು ಕಲಿಸದೆ ವಿದ್ಯಾರ್ಥಿಯ ಕೈಗೆ ಈ ಪಟ್ಟಿಯನ್ನು ಕೊಡುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. ಹಾಗೆ ಕಲಿಸಿ ಕೊಟ್ಟದ್ದಾದರೆ, ಮುನ್ನೂರು ವರ್ಷಗಳ ಬಲವಿಜ್ಞಾನವನ್ನು ಒಂದೇ ಪುಟದಲ್ಲಿ ಪರೀಕ್ಷಿಸಿ ನೋಡುವ ಅವಕಾಶವು ಅವನಿಗೆ ದೊರೆಯುತ್ತದೆ.